ಗೂಡ್ಸ್ ಡಬ್ಬದ ಲೆಕ್ಕ

ಮೊದಲ ವ್ಯಾಗನ್ ಮುಗಿಸಲು ನನಗೆ ಮೂರು ತಿಂಗಳು ಹಿಡಿಯಿತು. ಅದು ತಪ್ಪು ಎಂದು ಹೇಳಲು ಅಪ್ಪನಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಗ್ಲಾಕೋಮಾದಿಂದ ಎರಡೂ ಕಣ್ಣು ಕಳೆದುಕೊಂಡು ನಾಲ್ಕು ವರ್ಷವಾಗಿರುವ ಅಪ್ಪ ಜಗಲಿಯ ಮೇಲೆ ಕೂತು, ನಾನು ಕೈಗಿಟ್ಟ ಆ ಪುಟ್ಟ ಡಬ್ಬವನ್ನು ಕೋಳಿಮರಿ ಹಿಡಿದ ಹಾಗೆ ಹಿಡಿದು ಸುತ್ತಲೂ ಬೆರಳಾಡಿಸಿದ. ಒಂದು ತುದಿಗೆ ಬಂದಾಗ ಬೆರಳು ನಿಂತಿತು.

"ಇದ್ಯಾವೂರ್ ಡಬ್ಬನ್ಲಾ?"

"ಚನ್ನಪಟ್ಟಣದ್ದೇ ಅಪ್ಪಾ, ಮೀಟರ್ ಗೇಜಿಂದು."

"ನಮ್ ಡಬ್ಬಕ್ಕೆ ಮೂತಿ ಒಂದೇ ಕಣ್ಲಾ, ಮಧ್ಯಕ್ಕೆ. ಇದಕ್ಕೆ ಎರಡು ಮಡಗಿದ್ದೀಯ."

ನಾನು ಇಂಗ್ಲೆಂಡಿನ ಮಾದರಿಯೊಂದರ ಚಿತ್ರ ನೋಡಿಕೊಂಡು ಎಡಕ್ಕೊಂದು ಬಲಕ್ಕೊಂದು ಬಫರ್ ಕೂರಿಸಿದ್ದೆ. ನಮ್ಮಲ್ಲಿ ಎರಡು ಬಫರ್ ಇರುತ್ತಿದ್ದುದು ಬ್ರಾಡ್ ಗೇಜಿನ ಗಾಡಿಗಳಿಗೆ. ಮೀಟರ್ ಗೇಜಿನ ಗಾಡಿಗೆ ತುದಿಯ ನಟ್ಟನಡುವೆ ಒಂದೇ ಬಫರ್, ಕೊಂಡಿಯೂ ಅಲ್ಲೇ. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದವನು ನಾನು. ಇಷ್ಟು ದೊಡ್ಡ ತಪ್ಪನ್ನು ನೋಡದೆ ಹೋದೆನಲ್ಲ ಎಂದು ನಾಚಿಕೆಯಾಯಿತು. ಆದರೆ ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿತ್ತು: ಅಪ್ಪ ತನ್ನ ಕೆಲಸದ ಬಗ್ಗೆ ನನ್ನ ಹತ್ತಿರ ಬಾಯಿಬಿಟ್ಟು ಹೇಳಿದ ಮೊದಲ ಮಾತು ಅದು.

ಕನಕಪುರ ತಾಲ್ಲೂಕಿನ ನಮ್ಮ ಕೋಡಿಹಳ್ಳಿಗೆ ರೈಲಿಲ್ಲ. ತಾಲ್ಲೂಕಿಗೇ ಇಲ್ಲ. ಹೆಜ್ಜಾಲದಿಂದ ಕನಕಪುರದ ಮೇಲೆ ಚಾಮರಾಜನಗರಕ್ಕೆ ಹೋಗುವ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1990ರ ದಶಕದಲ್ಲಿ; ಪ್ರತಿ ಚುನಾವಣೆಯಲ್ಲೂ ಆ ರೈಲು ನಮ್ಮ ಕಡೆ ಒಂದು ಸಲ ಕೂಗಿ ಹೋಗುತ್ತದೆ, ಅಷ್ಟೇ. ಅಪ್ಪ ದುಡಿಯುತ್ತಿದ್ದುದು ಚನ್ನಪಟ್ಟಣದ ಗೂಡ್ಸ್ ಶೆಡ್ಡಿನಲ್ಲಿ, ಹಮಾಲಿಯಾಗಿ. ವಾರವೆಲ್ಲ ಅಲ್ಲೇ ಇದ್ದು ಶನಿವಾರ ರಾತ್ರಿ ಬಸ್ಸು ಬದಲಿಸಿ ಬದಲಿಸಿ ಊರಿಗೆ ಬರುತ್ತಿದ್ದ. ಬರುವಾಗ ಒಮ್ಮೆ ಕೆಂಪು ಹಳದಿ ಅರಗಿನ ಬಣ್ಣದ ಮರದ ರೈಲು ತಂದಿದ್ದ. ಚನ್ನಪಟ್ಟಣದವರು ಆಲೆ ಮರದಲ್ಲಿ ಮಾಡುವ ಆಟಿಕೆ. ಅದಕ್ಕೆ ಎಷ್ಟು ಬಫರ್ ಇತ್ತು ಎಂದು ನಾನಾಗಲಿ ಅಪ್ಪನಾಗಲಿ ನೋಡಿರಲಿಲ್ಲ.

ಹೈಸ್ಕೂಲಿಗೆ ಸೇರುವಾಗ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂಬ ಕಡೆ ನಾನು 'ರೈಲ್ವೆ' ಎಂದು ಬರೆದೆ. ಕೂಲಿ ಎಂದು ಬರೆಯಲು ಕೈ ಬರಲಿಲ್ಲ. ಅಪ್ಪ ರೈಲ್ವೆಯ ನೌಕರನಲ್ಲ. ಹಮಾಲರಿಗೆ ಕೂಲಿ ಕೊಡುತ್ತಿದ್ದವನು ಒಬ್ಬ ಮೇಸ್ತ್ರಿ. ಆ ಅರ್ಜಿಯಿಂದಾಗಿ ತರಗತಿಯ ಹುಡುಗರು ನನ್ನ ಹತ್ತಿರ ಫ್ರೀ ಪಾಸ್ ಕೇಳತೊಡಗಿದರು. ಅವರಲ್ಲಿ ಅರ್ಧಕ್ಕರ್ಧ ಜನ ರೈಲನ್ನೇ ಕಂಡಿರಲಿಲ್ಲ. ಅರ್ಜಿಗೆ ಹೆಬ್ಬೆಟ್ಟು ಒತ್ತಿದ ಅಪ್ಪನಿಗೆ ಅದರಲ್ಲಿ ಏನಿದೆ ಎಂದು ನಾನು ಓದಿ ಹೇಳಲಿಲ್ಲ.

ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಆರಡಿ ಉದ್ದದ ಹಲಗೆಯ ಮೇಲೆ ಆ ಗೂಡ್ಸ್ ಶೆಡ್ಡನ್ನು ಕಟ್ಟೋಣ ಎಂದುಕೊಂಡೆ. ಮಾದರಿ ರೈಲಿನ ಹುಚ್ಚಿರುವವರಿಗೆ ಲೆಕ್ಕ ಗೊತ್ತಿರುತ್ತದೆ, ಇಲ್ಲದವರಿಗೆ ಹೇಳುತ್ತೇನೆ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಹಳಿಯ ಅಗಲ 16.5 ಮಿಲಿಮೀಟರ್. ಹೊರದೇಶದವರು ಅದನ್ನು ತಮ್ಮ ದೊಡ್ಡ ಗೇಜಿಗೆ, ಅಂದರೆ 1435 ಮಿಲಿಮೀಟರಿಗೆ, ಸಮ ಎಂದಿಟ್ಟುಕೊಂಡು 87ರಲ್ಲಿ ಒಂದು ಪಾಲಿನ ಗಾಡಿ ಮಾಡುತ್ತಾರೆ. ಅದೇ ಹಳಿಯನ್ನು ನಮ್ಮ ಒಂದು ಮೀಟರಿಗೆ ಸಮ ಎಂದುಕೊಂಡರೆ ಅಳತೆ ಹೆಚ್ಚುಕಡಿಮೆ 60ರಲ್ಲಿ ಒಂದಾಗುತ್ತದೆ. ಐದೂವರೆ ಅಡಿಯ ಆಳು 28 ಮಿಲಿಮೀಟರ್ ಆಗುತ್ತಾನೆ. ಆರಡಿ ಹಲಗೆ 110 ಮೀಟರ್ ಆಗುತ್ತದೆ. ಇಡೀ ಸ್ಟೇಷನ್ ಹಿಡಿಸದು. ಶೆಡ್ಡು, ಅದರ ಮುಂದೊಂದು ಲೈನು, ನಾಲ್ಕು ವ್ಯಾಗನ್ ನಿಲ್ಲಲು ಜಾಗ. ನನಗೆ ಬೇಕಾದದ್ದೂ ಅಷ್ಟೇ.

ಹಳಿಯ ಚರಿತ್ರೆ ಹುಡುಕಲು ಕಷ್ಟವಾಗಲಿಲ್ಲ. 1876–78ರ ಬರಗಾಲದಲ್ಲಿ ಹಸಿದವರಿಗೆ ಕೆಲಸ ಕೊಡಲೆಂದು ಮೈಸೂರು ಸರ್ಕಾರ ಮಣ್ಣು ಹೊರಿಸಿ ಹಾಕಿಸತೊಡಗಿದ ದಾರಿ ಇದು. 1881ರಲ್ಲಿ ರೈಲು ಬೆಂಗಳೂರಿನಿಂದ ಚನ್ನಪಟ್ಟಣಕ್ಕೆ ಬಂತು, 1882ರಲ್ಲಿ ಮೈಸೂರು ಮುಟ್ಟಿತು. ಗೇಜು ಕಿರಿದಾದಷ್ಟೂ ಖರ್ಚು ಕಡಿಮೆ ಎಂದು 1870ರ ದಶಕದ ಆರಂಭದಲ್ಲಿ ಲಾರ್ಡ್ ಮೇಯೋನ ಸರ್ಕಾರ ಮೀಟರ್ ಗೇಜನ್ನು ಗೊತ್ತುಮಾಡಿತ್ತು. 1951ರ ಏಪ್ರಿಲ್ 14ರಂದು ಮೈಸೂರು ಸ್ಟೇಟ್ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. 1992ರಲ್ಲಿ ದೇಶಕ್ಕೆಲ್ಲ ಒಂದೇ ಗೇಜು ಎಂಬ ಯೋಜನೆ ಬಂತು, ಆ ದಶಕದಲ್ಲೇ ನಮ್ಮ ಕಡೆಯ ಮೀಟರ್ ಹಳಿ ಕಿತ್ತುಹೋಯಿತು. ಹಯವದನರಾಯರ ಗೆಜೆಟಿಯರಿನ ಸಂಪುಟಗಳನ್ನು ತಿರುವಿದರೆ ಇಂಥ ವಿವರ, ಮೈಲಿಗಳ ಲೆಕ್ಕ, ಬೇಕಾದಷ್ಟು ಸಿಗುತ್ತದೆ.

ಆದರೆ ವ್ಯಾಗನ್ನಿನ ಬಾಗಿಲು ಹೇಗೆ ತೆರೆಯುತ್ತಿತ್ತು?

ಮಾದರಿ ಕಟ್ಟುವವನ ಕಷ್ಟ ಇದು. ಬರೆಯುವವನು 'ವ್ಯಾಗನ್ನಿನ ಬಾಗಿಲು ತೆರೆದರು' ಎಂದು ಬರೆದು ಮುಂದೆ ಹೋಗಬಹುದು. ನಾನು ಹೋಗುವ ಹಾಗಿಲ್ಲ. ಕೀಲು ಯಾವ ಕಡೆ, ಚಿಲಕ ಎಷ್ಟು ಎತ್ತರದಲ್ಲಿ, ಲೇಬಲ್ ಸಿಕ್ಕಿಸುವ ಕ್ಲಿಪ್ ಎಲ್ಲಿ ಎಂದು ಗೊತ್ತಾಗದಿದ್ದರೆ ಕತ್ತರಿ ಅಲ್ಲೇ ನಿಲ್ಲುತ್ತದೆ. ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಎರಡು ಸಲ ಹೋದೆ. 1979ರಲ್ಲಿ ಶುರುವಾದದ್ದು, ಹಳೆಯ ಎಂಜಿನ್ನುಗಳನ್ನು ಚೆನ್ನಾಗಿ ಇಟ್ಟಿದ್ದಾರೆ. ಜನರೆಲ್ಲ 1899ರ ಮಹಾರಾಣಿ ಸಲೂನಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನೂ ಇಣುಕಿದೆ. ರಾಣಿಯ ಮಂಚದಿಂದ ನನ್ನ ಕೆಲಸಕ್ಕೆ ಏನೂ ಸಿಗಲಿಲ್ಲ. ಹಳೇ ಫೋಟೋಗಳದ್ದೂ ಅದೇ ಕಥೆ. ಎಂಜಿನ್ನಿನ ಮುಂದೆ ಎಲ್ಲರೂ ಕ್ಯಾಮೆರಾ ಹಿಡಿಯುತ್ತಾರೆ. ಗೂಡ್ಸ್ ಡಬ್ಬ ಫೋಟೋದಲ್ಲಿ ಇರುವುದು ಎಂಜಿನ್ನಿನ ಹಿಂದೆ, ಅರ್ಧ ಹೊಗೆಯಲ್ಲಿ.

1930ರಲ್ಲಿ ಹುಟ್ಟಿದ ಸೆಂಟ್ರಲ್ ಸ್ಟ್ಯಾಂಡರ್ಡ್ಸ್ ಆಫೀಸು ದೇಶದ ವ್ಯಾಗನ್‌ಗಳಿಗೆಲ್ಲ ಒಂದೇ ನಮೂನೆಯ ನಕ್ಷೆ ಮಾಡುತ್ತಿತ್ತು. ಅದೇ ಮುಂದೆ 1957ರಲ್ಲಿ ಲಖನೌದ ಆರ್‌ಡಿಎಸ್‌ಒ ಆಯಿತು. ಅಂಥ ನಕ್ಷೆಯೊಂದರ ಮಸುಕು ನಕಲು ಗೆಳೆಯನ ಮೂಲಕ ಸಿಕ್ಕಿತು. ಚಕ್ರದಿಂದ ಚಕ್ರಕ್ಕೆ ಅಂತರ, ಗೋಡೆಯ ಕೋನಪಟ್ಟಿಗಳು, ಸ್ಪ್ರಿಂಗು ಎಲ್ಲ ಇತ್ತು. ಬಾಗಿಲಿರುವ ಮೂಲೆ ಮಾತ್ರ ಇಲಿ ತಿಂದ ಹಾಗೆ ಹರಿದಿತ್ತು. ಆಗ ಹೊಳೆದದ್ದು: ಆ ಬಾಗಿಲನ್ನು ಇಪ್ಪತ್ತೈದು ವರ್ಷ ತೆಗೆದು ಹಾಕಿದ ಕೈ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದೆ.

ಅಪ್ಪನನ್ನು ಕೇಳುವುದು ಅಷ್ಟು ಸುಲಭವಿರಲಿಲ್ಲ. "ಬಾಗಿಲು ಎಷ್ಟಗಲ ಇತ್ತು?" ಎಂದರೆ "ಬಾಗಿಲಷ್ಟಗಲ" ಎನ್ನುತ್ತಿದ್ದ. ಅಡಿ, ಮೀಟರು ಅವನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಕೊನೆಗೆ ಒಂದು ಉಪಾಯ ಮಾಡಿದೆ. ರಾಗಿ ಚೀಲವೊಂದನ್ನು ತಂದು ಅವನ ಮುಂದೆ ನಿಲ್ಲಿಸಿ, "ಇದನ್ನ ಹೊತ್ತುಕೊಂಡು ಒಳಗೆ ಹೋಗೋವಾಗ ಇನ್ನೆಷ್ಟು ಜಾಗ ಉಳೀತಿತ್ತು?" ಎಂದೆ. ಅಪ್ಪ ಎದ್ದ. ಚೀಲ ಮುಟ್ಟಿದ. ಎರಡೂ ಮೊಣಕೈ ಅಗಲಿಸಿ, ಸ್ವಲ್ಪ ಬಗ್ಗಿ, ತಲೆಯನ್ನು ಎಡಕ್ಕೆ ವಾಲಿಸಿ ನಿಂತ. "ಇಷ್ಟು," ಎಂದ. ನಾನು ಟೇಪು ಹಿಡಿದೆ. ಎಪ್ಪತ್ತೆಂಟರ ಮುದುಕನ ಮೈ ಮರೆತಿರಲಿಲ್ಲ. ತಲೆಯನ್ನು ಯಾಕೆ ಎಡಕ್ಕೆ ವಾಲಿಸಿದೆ ಎಂದು ಕೇಳಿದ್ದಕ್ಕೆ, ಮೇಲಿನ ಪಟ್ಟಿ ತಗಲುತ್ತದೆ ಎಂದ. ಹಣೆಯ ಮೇಲಿನ ಗಾಯದ ಗುರುತು ಗದ್ದೆಯ ಜಗಳದ್ದು ಎಂದು ನಾನು ಚಿಕ್ಕಂದಿನಿಂದ ನಂಬಿದ್ದೆ.

ಬಾಗಿಲಿನ ಕೆಳಭಾಗ ಮುಂದಕ್ಕೆ ಮಡಚಿ ಪ್ಲಾಟ್‌ಫಾರ್ಮಿನ ಮೇಲೆ ಬೀಳುತ್ತಿತ್ತಂತೆ, ಕಾಲುವೆಗೆ ಹಾಕಿದ ಹಲಗೆಯ ಹಾಗೆ. ಅದರ ಮೇಲೆ ನಡೆದು ಒಳಗೆ ಹೋಗಬೇಕು. ಮಳೆ ಬಿದ್ದರೆ ಜಾರುತ್ತಿತ್ತು, ಅದಕ್ಕೆ ಹಳೇ ಗೋಣಿ ಹಾಸುತ್ತಿದ್ದರು. ಮೇಲಿನ ಎರಡು ರೆಕ್ಕೆ ಆಚೆ ಈಚೆ ತೆರೆಯುತ್ತಿದ್ದವು. ಲೋಡು ಮುಗಿದ ಮೇಲೆ ಚಿಲಕಕ್ಕೆ ಸೀಸದ ಮೊಹರು. ಮೊಹರು ಬಿದ್ದ ಮೇಲೆ ಡಬ್ಬವನ್ನು ಮುಟ್ಟುವ ಹಾಗಿಲ್ಲ. "ನಾವೇ ತುಂಬಿದ್ದು, ಆಮೇಲೆ ನಾವೇ ಕಳ್ಳರು," ಎಂದು ನಕ್ಕ.

ಎರಡನೇ ವ್ಯಾಗನ್ ಶುರುಮಾಡಿದೆ. ಗೋಡೆಗಳಿಗೆ ಹಳೇ ಮದುವೆ ಕರೆಯೋಲೆಗಳ ರಟ್ಟು. ನಮ್ಮೂರಲ್ಲಿ ಇದಕ್ಕೆ ಬರವಿಲ್ಲ, ರಟ್ಟೂ ಒಳ್ಳೆಯದು. ಹಿಂದಿನಿಂದ ಮೊಂಡು ಸೂಜಿ ಒತ್ತಿದರೆ ಮುಂದೆ ರಿವೆಟ್ಟಿನ ಗುಬುಟು ಏಳುತ್ತದೆ. ಒಂದು ಪಕ್ಕಕ್ಕೆ ಇನ್ನೂರಕ್ಕೂ ಹೆಚ್ಚು ರಿವೆಟ್. ಸಾಲು ಒಂದು ಕೂದಲೆಳೆ ಸೊಟ್ಟಗಾದರೂ ಬಣ್ಣ ಹಚ್ಚಿದ ಮೇಲೆ ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ನಾಲ್ಕು ಜೋಡಿಯ ಹೆಸರು ಚರಂಡಿ ಸೇರಿತು. ತಳಕ್ಕೆ ಆಲೆ ಮರದ ಹಲಗೆ. ಚನ್ನಪಟ್ಟಣದಲ್ಲಿ ಲೇತ್ ನಡೆಸುವ ಒಬ್ಬರು ತುಂಡು ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಅರಗಿನ ಬಣ್ಣ ಹಚ್ಚಿ ತಾಳೆಗರಿ ಒತ್ತಿ ಕೊಡಲೇ ಎಂದು ಕೇಳಿದರು. ಗೂಡ್ಸ್ ಡಬ್ಬಕ್ಕೆ ಆ ಹೊಳಪು ಬಂದರೆ ಅಪ್ಪ ಏನಂದಾನು ಎಂದು ಹೆದರಿ ಬೇಡವೆಂದೆ. ರೆಡ್ ಆಕ್ಸೈಡಿಗೆ ಚೂರು ಕಪ್ಪು ಬೆರೆಸಿ ಹಚ್ಚಿದೆ. ತೀರ ಹಗುರವಾದ ವ್ಯಾಗನ್ ತಿರುವಿನಲ್ಲಿ ಹಳಿ ತಪ್ಪುತ್ತದೆ, ಸಾಮಾನ್ಯವಾಗಿ ಸೀಸದ ಚೂರು ಅಂಟಿಸುತ್ತಾರೆ. ನಾನು ಚಿಟಿಕೆಯಷ್ಟಗಲದ ಬಟ್ಟೆಯ ಚೀಲಗಳನ್ನು ಹೊಲಿದು ರಾಗಿ ತುಂಬಿ ಒಳಗೆ ಪೇರಿಸಿದೆ. ಮಧ್ಯಕ್ಕೆ ಒಂದೇ ಮೂತಿ.

ಈ ಸಲ ಅಪ್ಪ ಬಹಳ ಹೊತ್ತು ನೋಡಿದ. ನೋಡಿದ ಎಂದೇ ಬರೆಯುತ್ತೇನೆ. ಕೆಳಬಾಗಿಲನ್ನು ಉಗುರಿನಿಂದ ಬೀಳಿಸಿದ, ಎತ್ತಿದ, ಮತ್ತೆ ಬೀಳಿಸಿದ. ರೆಕ್ಕೆಯನ್ನು ತೆರೆದು ಒಳಮೈ ಸವರಿದ.

"ಒಳಗೆ ಏನೂ ಬರೆದಿಲ್ವಾ?"

"ಏನು ಬರೀಬೇಕು?"

"ಗೆರೆ." ಐದೈದು ಚೀಲಕ್ಕೆ ಒಂದು ಗೆರೆಯಂತೆ, ಬಾಗಿಲ ಒಳಮೈಗೆ ಸೀಮೆಸುಣ್ಣದಲ್ಲಿ ಹಮಾಲರು ಎಳೆಯುತ್ತಿದ್ದರಂತೆ. ಮೇಸ್ತ್ರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ, ಆದರೆ ಅವನ ಪುಸ್ತಕದಲ್ಲಿ ಚೀಲ ಯಾವಾಗಲೂ ಕಡಿಮೆ. ಬಾಗಿಲು ಹಾಕುವ ಮುಂಚೆ ಇವರು ತಮ್ಮ ಗೆರೆ ಎಣಿಸಿ ತೋರಿಸಬೇಕು. ಬಾಗಿಲು ಹಾಕಿ ಮೊಹರು ಬಿದ್ದರೆ ಮುಗಿಯಿತು, ಲೆಕ್ಕವೂ ಡಬ್ಬದ ಜೊತೆಗೇ ಹೋಗುತ್ತಿತ್ತು. ಅಕ್ಷರ ಬಾರದ ಅಪ್ಪ ಬರೆಯುತ್ತಿದ್ದದ್ದು ಇದೊಂದನ್ನೇ.

ಆ ಹಳೇ ಅರ್ಜಿಯ ಮಾತನ್ನು ಅವತ್ತು ಅವನಿಗೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಸ್ಟ್ರು ಆಗ್ಲೇ ಯೋಳಿದ್ರು," ಎಂದ.

ರಾತ್ರಿ ಬಿಳಿ ಪೆನ್ಸಿಲ್ಲಿನಲ್ಲಿ ಬಾಗಿಲ ಒಳಮೈಗೆ ಗೆರೆ ಎಳೆದೆ. ಎಳೆದ ಮೇಲೆ, ಇದನ್ನು ಅಪ್ಪ ಹೇಗೆ ಕಾಣುತ್ತಾನೆ ಎಂಬ ಯೋಚನೆ ಬಂತು. ಅಳಿಸಿ, ಸೂಜಿಯ ಮೊನೆಯಿಂದ ಕೊರೆದೆ. ಅಳತೆಗೆ ಸರಿಯಾಗಿ ಕೊರೆದರೆ ಬೆರಳಿಗೆ ಸಿಗದು, ಆಳವಾಗಿಯೇ ಕೊರೆದೆ. ಮಾದರಿ ಕಟ್ಟುವ ಗೆಳೆಯರು ನೋಡಿದರೆ ಒಪ್ಪುವುದಿಲ್ಲ. ಬೆಳಿಗ್ಗೆ ಕಾಫಿ ಆದ ಮೇಲೆ ಅಪ್ಪನ ಕೈಗಿಟ್ಟೆ. ಬಾಗಿಲು ತೆರೆದು ಹೆಬ್ಬೆರಳ ಉಗುರನ್ನು ಗೆರೆಗಳ ಮೇಲೆ ಎಳೆಯುತ್ತಾ, ತುಟಿ ಅಲ್ಲಾಡಿಸುತ್ತಾ ಕೊನೆಯ ತನಕ ಹೋದ. ಆಮೇಲೆ ಒಳಗೆ ಪೇರಿಸಿದ್ದ ರಾಗಿ ಚೀಲಗಳನ್ನು ಒಂದೊಂದಾಗಿ ಹೊರತೆಗೆದು ಮಡಿಲಲ್ಲಿ ಇಟ್ಟುಕೊಂಡು ಎಣಿಸಿದ.

"ಒಂದ್ ಗೆರೆ ಕಮ್ಮಿ ಐತೆ ಕಣ್ಲಾ," ಎಂದ.