46ನೇ ನಂಬರಿನ ಪುಸ್ತಕ

(1/4)
ಮೊದಲನೇ ಫೋಟೋದಲ್ಲಿ ಕಾಣ್ತಿರೋದು ನನ್ನ ಸ್ಕೆಚ್‌ಬುಕ್. ಈಗ ಅದು ನನ್ನ ಹತ್ರ ಇಲ್ಲ. ಹೋದ ಮಂಗಳವಾರ ಒಂದು ಕಬ್ಬಿಣದ ಟ್ರಂಕಿನೊಳಗೆ ಮಲಗಿ ಶಿವಮೊಗ್ಗದಿಂದ ಹುಬ್ಬಳ್ಳಿ ಬಸ್ ಹತ್ತಿತು. ಕ್ಲಾಸಲ್ಲಿ ಮೂರು ಜನ "ಏನೇ, ಪುಸ್ತಕ ಮಾರಿಬಿಟ್ಯಾ?" ಅಂತ ಕೇಳಿದ್ರಿ. ಮಾರಿಲ್ಲ. ಒಂದು ಪ್ರದರ್ಶನಕ್ಕೆ ಕೊಟ್ಟಿದೀನಿ. ಯಾಕೆ ಅಂತ ಹೇಳೋಕೆ ಒಂದು ಕ್ಯಾಪ್ಷನ್ ಸಾಲಲ್ಲ, ಅದಕ್ಕೇ ನಾಲ್ಕು ಪೋಸ್ಟ್. ತಾಳ್ಮೆ ಇದ್ದೋರು ಓದಿ.

ಪ್ರದರ್ಶನ ಅಂದ್ರೆ ಗೋಡೆ ಮೇಲೆ ಫ್ರೇಮು, ಪಕ್ಕದಲ್ಲಿ ಬೆಲೆ ಚೀಟಿ ಅಂದ್ಕೋಬೇಡಿ. ನಮ್ಮ ಕಡೆಯ ಒಂದಷ್ಟು ಚಿತ್ರ ಬರೆಯೋರು ಸೇರ್ಕೊಂಡು ಮಾಡಿರೋದು. 60 ಜನ, 60 ಸ್ಕೆಚ್‌ಬುಕ್, ಎರಡು ಟ್ರಂಕ್. ಊರಿಂದ ಊರಿಗೆ ಬಸ್ಸಲ್ಲೇ ಪ್ರಯಾಣ. ಹೋದ ಕಡೆ ಶಾಲೆಯೋ, ಲೈಬ್ರರಿಯೋ, ಯಾರದೋ ಮನೆ ಜಗಲಿಯೋ, ಸಿಕ್ಕಲ್ಲಿ ಚಾಪೆ ಹಾಸಿ ಪುಸ್ತಕ ಜೋಡಿಸ್ತಾರೆ. ಗಾಜಿನ ಪೆಟ್ಟಿಗೆ ಇಲ್ಲ. ಬಂದೋರು ಕೂತು, ಕೈಯಲ್ಲಿ ಹಿಡಿದು, ಪುಟ ತಿರುಗಿಸಿ ನೋಡಬೇಕು. ನಂದು 46ನೇ ನಂಬರ್.

ಐಡಿಯಾ ಹೊಸದೇನಲ್ಲ. 2006ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ 'ದಿ ಸ್ಕೆಚ್‌ಬುಕ್ ಪ್ರಾಜೆಕ್ಟ್' ಅಂತ ಶುರುವಾಗಿ, ಆಮೇಲೆ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಹೋಯ್ತು. ದುಡ್ಡು ಕಟ್ಟಿ ಯಾರು ಬೇಕಾದ್ರೂ ಸೇರಬಹುದಿತ್ತು, ದೊಡ್ಡ ಕಲಾವಿದರೇ ಆಗಬೇಕಿರಲಿಲ್ಲ. 5 ಇಂಚು ಅಗಲ, 7 ಇಂಚು ಉದ್ದ, 32 ಪುಟದ ಖಾಲಿ ಪುಸ್ತಕ ಮನೆಗೆ ಬರೋದು. ತುಂಬಿಸಿ ವಾಪಸ್ ಕಳಿಸಿದ್ರೆ ಲೈಬ್ರರಿ ಕಪಾಟು ಸೇರೋದು, ಟ್ರಕ್ ಹತ್ತಿ ಊರೂರೂ ಸುತ್ತೋದು. ನನಗೆ ತುಂಬಾ ಇಷ್ಟ ಆಗಿದ್ದು ಅಂದ್ರೆ, ಪ್ರತಿ ಪುಸ್ತಕಕ್ಕೂ ಒಂದು ಬಾರ್‌ಕೋಡ್ ಇತ್ತು. ಯಾರಾದ್ರೂ ನಿಮ್ಮ ಪುಸ್ತಕ ಕೇಳಿ ತಗೊಂಡ್ರೆ ನಿಮಗೊಂದು ಮೆಸೇಜ್ ಬರ್ತಿತ್ತು. ಲೈಕ್ ಅಲ್ಲ, ಹಾರ್ಟ್ ಅಲ್ಲ. ಯಾರೋ ಒಬ್ರು ನಿಮ್ಮ ಪುಸ್ತಕ ತೆರೆದಿದಾರೆ, ಅಷ್ಟೇ.

(2/4)
ನಮ್ಮೋರು ಅಳತೆ ಮಾತ್ರ ಅಲ್ಲಿಂದ ತಗೊಂಡ್ರು. ಪುಸ್ತಕ ಕೊಡಲ್ಲ, ನೀವೇ ತನ್ನಿ ಅಂದ್ರು. ಅಂಗಡಿಯಲ್ಲಿ ಒಳ್ಳೇ ಸ್ಕೆಚ್‌ಬುಕ್ ರೇಟ್ ಕೇಳಿ ಬಂದು ಮನೇಲಿ ಗೊಣಗ್ತಾ ಕೂತಿದ್ದೆ. ಅಜ್ಜ ಮಂಚದ ಕೆಳಗಿಂದ ಒಂದು ಕಟ್ಟು ಎಳೆದ್ರು.

ನಮ್ಮೂರು ಭದ್ರಾವತಿ ಅಂತ ಗೊತ್ತಲ್ಲ. ಹೊರಗಿನೋರಿಗೆ ಭದ್ರಾವತಿ ಅಂದ್ರೆ ಕಬ್ಬಿಣದ ಕಾರ್ಖಾನೆ. ಆದ್ರೆ ನಮ್ಮಲ್ಲಿ ಪೇಪರ್ ಟೌನ್ ಅಂತ ಒಂದು ಏರಿಯಾನೇ ಇದೆ. 1936ರಲ್ಲಿ ಮಹಾರಾಜರ ಕಾಲದಲ್ಲಿ ಶುರುವಾದ ಮೈಸೂರು ಪೇಪರ್ ಮಿಲ್ಸ್, ಎಲ್ಲರ ಬಾಯಲ್ಲೂ ಎಂಪಿಎಂ. ಅಜ್ಜ ಅಲ್ಲಿ ಕಟಿಂಗ್ ಸೆಕ್ಷನ್‌ನಲ್ಲಿದ್ರು. ರಿಟೈರ್ ಆದ ದಿನ ಗೆಳೆಯರು ಕಟ್ಟಿಕೊಟ್ಟ ಬಿಳಿ ಹಾಳೆ ಅದು. ಅದರಲ್ಲೇ ಅತ್ತೆ ಮದುವೆ ಲೆಕ್ಕ ಬರೆದ್ರು, ಊರಿಗೆಲ್ಲ ಕಾಗದ ಬರೆದ್ರು, ನಾನು ಚಿಕ್ಕೋಳಿದ್ದಾಗ ದೋಣಿ ಮಾಡಿಕೊಟ್ರು. ಮಿಲ್ಲಿನ ಮಷೀನು ನಿಂತು ಎಷ್ಟೋ ವರ್ಷ ಆಯ್ತು, ಕಟ್ಟಿನಲ್ಲಿ ಉಳಿದಿದ್ದು 9 ಹಾಳೆ.

ಅಂಚು ಚಹಾ ಬಣ್ಣಕ್ಕೆ ತಿರುಗಿತ್ತು. ಅಜ್ಜ ಒಂದು ಹಾಳೆ ತಗೊಂಡು ಹೆಬ್ಬೆರಳು, ತೋರುಬೆರಳ ಮಧ್ಯೆ ಉಜ್ಜಿ, ಕಿವಿ ಹತ್ರ ಹಿಡಿದು ಪಟಪಟ ಅನ್ನಿಸಿದ್ರು. "ನ್ಯೂಸ್‌ಪ್ರಿಂಟ್ ಅಲ್ಲ ಇದು, ಬರೆಯೋ ಪೇಪರ್. ನ್ಯೂಸ್‌ಪ್ರಿಂಟ್ ಆಗಿದ್ರೆ ಇಷ್ಟೊತ್ತಿಗೆ ಹಪ್ಪಳ ಆಗಿರೋದು." ಮರದ ತಿರುಳಲ್ಲಿ ಲಿಗ್ನಿನ್ ಅಂತ ಇರುತ್ತೆ, ಅದು ಉಳ್ಕೊಂಡಷ್ಟೂ ಪೇಪರ್ ಬೇಗ ಹಳದಿ ಆಗಿ ಮುರಿಯುತ್ತೆ. ಇದನ್ನ ನಾನು ಆಮೇಲೆ ಓದಿ ತಿಳ್ಕೊಂಡೆ. ಅಜ್ಜನಿಗೆ ಬೆರಳಲ್ಲೇ ಗೊತ್ತು.

8 ಹಾಳೆ ಮಡಚಿದ್ರೆ 32 ಪುಟ. ಗೋಣಿ ಹೊಲಿಯೋ ದಬ್ಬಳದಲ್ಲಿ ತೂತು, ಮೇಣದ ಬತ್ತಿಗೆ ಉಜ್ಜಿದ ದಾರ, ರಟ್ಟಿಗೆ ಅಮ್ಮನ ಹಳೇ ರವಿಕೆ ಬಟ್ಟೆ. ಮೊದಲನೇ ಹೊಲಿಗೆ ಸೊಟ್ಟ ಇದೆ, ಜೂಮ್ ಮಾಡ್ಬೇಡಿ. ಉಳಿದ ಒಂದು ಹಾಳೆನ ಅಜ್ಜ ಮಡಚಿ ತಮ್ಮ ಬೀರುವಲ್ಲಿ ಇಟ್ಕೊಂಡ್ರು.

ಎರಡು ತಿಂಗಳು ಬರೆದೆ. ಕಾಲೇಜ್ ಬಸ್ಸಲ್ಲಿ ನಿದ್ದೆ ಮಾಡೋ ಮುಖಗಳು, ಭದ್ರಾ ಸೇತುವೆ, ಕಾಸ್ಟಿಂಗ್ ಕ್ಲಾಸಲ್ಲಿ ನಿಮ್ಮೆಲ್ಲರ ಬೆನ್ನು (ಹೌದು, ನೀವಿದೀರಿ). ಪೆನ್ ಜಾಸ್ತಿ ಒತ್ತಿದ್ರೆ ಹಾಳೆ ಆಚೆಗೆ ಇಳಿಯೋದು, ಅದಕ್ಕೆ ಬರೀ ಪೆನ್ಸಿಲ್.

(3/4)
ಆಮೇಲೆ ಫಾರ್ಮ್ ಬಂತು. ಅದರಲ್ಲಿ ಒಂದು ಕಾಲಂ: ಕೃತಿಯ ಮೌಲ್ಯ, ರೂಪಾಯಿಗಳಲ್ಲಿ.

ಬಿಕಾಂನೋರೇ, ಹೇಳಿ ಈಗ. ಅಕೌಂಟಿಂಗ್ ಸ್ಟ್ಯಾಂಡರ್ಡ್ 2 ಪ್ರಕಾರ ಸ್ಟಾಕ್‌ಗೆ ಬೆಲೆ ಕಟ್ಟೋದು ಹೇಗೆ? ತಗುಲಿದ ಖರ್ಚು, ಮಾರಿದ್ರೆ ಬರೋ ನಿವ್ವಳ ಮೊತ್ತ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಖರ್ಚು: ದಾರ, ಅಂಟು ಸೇರಿ 35 ರೂಪಾಯಿ. ಮಾರಿದ್ರೆ: ಯಾರೂ ತಗೊಳ್ಳಲ್ಲ. ಹಾಗಾಗಿ ನಮ್ಮಜ್ಜನ ಕೊನೇ ಪೇಪರಿನ ಮೌಲ್ಯ ಸೊನ್ನೆ. ಪರೀಕ್ಷೆಯಲ್ಲಿ ಫುಲ್ ಮಾರ್ಕ್ಸ್ ಬರೋ ಉತ್ತರ ಇದು. ಆ ಕಾಲಂ ಖಾಲಿ ಬಿಟ್ಟೆ.

ಅದರ ಕೆಳಗೆ ಇನ್ನೂ ಕಷ್ಟದ್ದು: ಮುಗಿದ ಮೇಲೆ ಪುಸ್ತಕ ವಾಪಸ್ ಬೇಕೋ, ಸಂಗ್ರಹಕ್ಕೆ ಕೊಡ್ತೀರೋ?

ಅದೇ ರಾತ್ರಿ ನಾನು ಓದಬಾರದ್ದನ್ನ ಓದಿದೆ. 2022ರಲ್ಲಿ ಬ್ರೂಕ್ಲಿನ್ನಿನ ಆ ಸಂಗ್ರಹನ ಫ್ಲೋರಿಡಾಕ್ಕೆ ಸಾಗಿಸೋವಾಗ ದಾರಿಯಲ್ಲಿ ಗಾಡಿಗೆ ಬೆಂಕಿ ಬಿದ್ದು ಸಾವಿರಾರು ಸ್ಕೆಚ್‌ಬುಕ್ ಸುಟ್ಟೋದ್ವು. ಒಂದೊಂದೂ ಒಂದೇ ಪ್ರತಿ. ಎಲ್ಲೋ ಯಾರೋ ತಮ್ಮ ನಾಯಿನ, ತಮ್ಮ ಅಡುಗೆಮನೆ ಕಿಟಕಿನ ಬರೆದಿರ್ತಾರೆ. ನಿದ್ದೆ ಬರ್ಲಿಲ್ಲ. ಬೆಳಿಗ್ಗೆ ಎದ್ದು ಅಜ್ಜನಿಗೆ, ಕಳಿಸಲ್ಲ ನಾನು ಅಂದೆ.

ಅಜ್ಜ ಕಾಫಿ ಕುಡೀತಿದ್ರು. "ಪೇಪರ್ ಅಂದ್ರೆ ಹೊರಗೆ ಹೋಗ್ಬೇಕು ಪುಟ್ಟಿ. ನಮ್ ಮಿಲ್ಲಲ್ಲಿ ಗೋಡೌನ್ ತುಂಬಿದ್ರೆ ಯಾರಿಗೂ ಖುಷಿ ಆಗ್ತಿರಲಿಲ್ಲ. ಲಾರಿ ಹೊರಟ್ರೆ ಖುಷಿ."

"ಸುಟ್ಟೋದ್ರೆ?"

"ನಾವು ಮಾಡಿದ ಪೇಪರಲ್ಲಿ ಬಜ್ಜಿ ಕಟ್ಟಿಲ್ವಾ?"

ಇದಕ್ಕೆ ಏನು ಹೇಳ್ಬೇಕು ನೀವೇ ಹೇಳಿ. ಹಾಗಂತ ನಾನು ಅಷ್ಟು ದೊಡ್ಡ ಮನಸ್ಸಿನವಳೇನಲ್ಲ. 'ವಾಪಸ್ ಬೇಕು' ಅಂತಲೇ ಟಿಕ್ ಹಾಕಿದೆ, ಎರಡು ಸಲ ಒತ್ತಿ.

(4/4)
ಈಗ 19ನೇ ಪುಟದ ವಿಷಯ.

ಅಜ್ಜ ಹೊರಗೆ ಹೊರಟ್ರೆ ಇಸ್ತ್ರಿ ಶರ್ಟು, ಬಾಚಿದ ಕೂದಲು, ಬಾಯಲ್ಲಿ ಹಲ್ಲಿನ ಸೆಟ್ಟು. ಯಾರಾದ್ರೂ ಬಾಗಿಲು ತಟ್ಟಿದ್ರೆ ಮೊದಲು ಸೆಟ್ ಹುಡುಕ್ತಾರೆ, ಆಮೇಲೆ ಚಿಲಕ. 19ನೇ ಪುಟದಲ್ಲಿ ಅವರು ಮಧ್ಯಾಹ್ನ ಜಗಲಿ ಮೇಲೆ ನಿದ್ದೆ ಮಾಡ್ತಿದಾರೆ. ಬನಿಯನ್ನು, ಒಳಗೆ ಹೋದ ಕೆನ್ನೆ, ತೆರೆದ ಬಾಯಿ. ನಾನು ಇದುವರೆಗೆ ಬರೆದಿರೋದ್ರಲ್ಲಿ ಅದೇ ಚೆನ್ನಾಗಿರೋದು. ಬರೆದಿದ್ದು ಅವರಿಗೆ ಗೊತ್ತಿರಲಿಲ್ಲ.

ಕೇಳದೆ ಕಳಿಸಿಬಿಡೋಣ ಅಂತ ಒಂದು ಕ್ಷಣ ಅನ್ನಿಸಿತ್ತು. ಸುಳ್ಳು ಯಾಕೆ ಹೇಳ್ಲಿ. ಆದ್ರೆ ಪೇಪರ್ ಅವರದ್ದು, ಮುಖಾನೂ ಅವರದ್ದೇ. ಟ್ರಂಕ್ ಹೊರಡೋ ಹಿಂದಿನ ದಿನ ತೋರಿಸಿದೆ.

ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದ್ರು. ಬೈತಾರೆ ಅಂದ್ಕೊಂಡೆ. "ಕಿವಿ ಇಷ್ಟು ದೊಡ್ಡದಾ ನಂದು?" ಅಂದ್ರು. ಆಮೇಲೆ, "ಹೋಗ್ಲಿ. ಆದ್ರೆ ಫೋನಲ್ಲಿ ಹಾಕ್ಬೇಡ."

ಅದೇನು ವ್ಯತ್ಯಾಸ ಅಂತ ವಾದ ಮಾಡಿದೆ. ಅಲ್ಲೂ ಜನ ನೋಡ್ತಾರೆ, ಇಲ್ಲೂ ಜನ ನೋಡ್ತಾರೆ. ಅಜ್ಜ ಹೆಬ್ಬೆರಳು ಎತ್ತಿ ಗಾಳಿಯಲ್ಲಿ ಸರ್ರಂತ ಮೇಲಕ್ಕೆ ಎಳೆದ್ರು, ನಾನು ದಿನಾ ರಾತ್ರಿ ಮಾಡೋ ಥರಾನೇ. "ಹಿಂಗೆ ಹೋಗ್ತೀನಿ ನಾನು ಅದ್ರಲ್ಲಿ. ಪುಸ್ತಕ ಆದ್ರೆ ಹದಿನೆಂಟು ಪುಟ ತಿರುಗಿಸಿ ಬರ್ತಾರೆ, ನನ್ನ ಹತ್ರ."

ಹಾಗಾಗಿ 19ನೇ ಪುಟ ಇಲ್ಲಿ ಇಲ್ಲ. ಉಳಿದ 31 ಪುಟ ಸ್ಕ್ಯಾನ್ ಮಾಡಿ ಇಟ್ಕೊಂಡಿದೀನಿ, ಅದೊಂದನ್ನ ಬಿಟ್ಟು. ಗ್ಯಾಲರಿಯಲ್ಲೂ ಇಲ್ಲ, ಡ್ರೈವ್‌ನಲ್ಲೂ ಇಲ್ಲ. ಆ ಟ್ರಂಕಲ್ಲಿ ಮಾತ್ರ ಇದೆ. ಮಳೆ ಬಂದಾಗೆಲ್ಲ ವಾಲಂಟಿಯರ್ ಅಣ್ಣನಿಗೆ ಮೆಸೇಜ್ ಮಾಡಿ, ಪ್ಲಾಸ್ಟಿಕ್ ಸುತ್ತಿದೀರಾ ಅಂತ ಕೇಳ್ತಿದೀನಿ. ಅವರಿಗೆ ಸಾಕಾಗಿದೆ ನನ್ನಿಂದ.

ಹುಬ್ಬಳ್ಳಿ ಆದ್ಮೇಲೆ ಕಾರವಾರ, ಆಮೇಲೆ ಮಂಗಳೂರು, ಮೈಸೂರು. ಅಲ್ಲೆಲ್ಲ ನಿಮ್ಮ ಕಸಿನ್ಸ್ ಇದಾರೆ, ನನಗೆ ಗೊತ್ತು. ಕಳಿಸಿ. 46ನೇ ನಂಬರ್ ಕೇಳ್ಲಿ, ಕೈ ಒರೆಸ್ಕೊಂಡು ಮುಟ್ಲಿ. ಕೊನೇ ಪುಟದಲ್ಲಿ ಲೈಬ್ರರಿ ಪುಸ್ತಕದ ಥರ ಒಂದು ಚೀಟಿ ಅಂಟಿಸಿದೀನಿ, ಅದರಲ್ಲಿ ತಾರೀಖು, ಊರು ಬರೆದ್ರೆ ಸಾಕು. ಹೆಸರು ಬೇಡ.

ಯಾಕಂದ್ರೆ ಅಜ್ಜ ದಿನಾ ಸಂಜೆ ಕೇಳ್ತಾರೆ, "ಇವತ್ತು ಎಷ್ಟು ಜನ ನೋಡಿದ್ರು?" ನನ್ನ ಪುಸ್ತಕಕ್ಕೆ ಬಾರ್‌ಕೋಡ್ ಇಲ್ಲ, ಮೆಸೇಜೂ ಬರಲ್ಲ. ಬಾಯಿಗೆ ಬಂದ ನಂಬರ್ ಹೇಳ್ತೀನಿ. ನಿನ್ನೆ ಹದಿನಾಲ್ಕು ಅಂದೆ.

"ಮೊನ್ನೆ ಇಪ್ಪತ್ತಿತ್ತು" ಅಂದ್ರು.