ನಕ್ಷೆಯಲ್ಲಿ ಗುತ್ತಿ, ಚಿತ್ರದಲ್ಲಿ ತ್ರಿಪದಿ

ವಿಜ್ಞಾನದ ಮೇಷ್ಟ್ರಿಗೆ ಕನ್ನಡ ತರಗತಿಯಲ್ಲೇನು ಕೆಲಸ ಎಂದು ಕೆಲವು ಪೋಷಕರು ಕೇಳುವುದುಂಟು. ಶಾಲೆಯ ಕಂಪ್ಯೂಟರ್ ಕೋಣೆಯ ಬೀಗದ ಕೈ ನನ್ನ ಬಳಿ ಇದೆ, ಅಷ್ಟೇ! ಆದರೆ ಕನ್ನಡ ಪಂಡಿತರ ಜೊತೆ ಕುಳಿತು ಪಾಠಕ್ಕೆ ಎರಡು ಬಗೆಯ ಸಾಧನಗಳನ್ನು ಹೊಂದಿಸುತ್ತಾ ಬಂದ ಮೇಲೆ, ಅವೆರಡರ ಗುಣ ಬೇರೆ ಬೇರೆ ಎಂಬುದು ಮನದಟ್ಟಾಗಿದೆ.

ಮೊದಲನೆಯದು ಗಣಕ ನಕ್ಷೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಗುತ್ತಿ, ತನ್ನ ನಾಯಿ ಹುಲಿಯನೊಡನೆ ಕಾಡುದಾರಿ ಸವೆಸುತ್ತಾನೆ. ಬಯಲುಸೀಮೆಯ ನಮ್ಮ ಮಕ್ಕಳಿಗೆ ಆ ನಡಿಗೆಯ ಆಯಾಸ ತಿಳಿಯುವುದು ಹೇಗೆ? ಗೂಗಲ್ ಅರ್ಥ್‌ನಲ್ಲೋ, ಇಸ್ರೋ 2009ರಲ್ಲಿ ಆರಂಭಿಸಿದ ‘ಭುವನ್’ನಲ್ಲೋ ತೀರ್ಥಹಳ್ಳಿ, ಮೇಗರವಳ್ಳಿ, ತುಂಗಾ ನದಿಗಳನ್ನು ಹುಡುಕಿಸಿ ದೂರ ಅಳೆಯಲು ಹೇಳುತ್ತೇವೆ. ಕಥೆ ನಡೆಯುವುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಉಪಗ್ರಹ ತೋರಿಸುವುದು ಇಂದಿನ ರಸ್ತೆ, ಇಂದಿನ ತೋಟ. “ಪುಸ್ತಕದಲ್ಲಿರುವ ಕಾಡೆಲ್ಲಿ ಸಾರ್?” ಎನ್ನುತ್ತಾರೆ ಮಕ್ಕಳು. ಆ ಪ್ರಶ್ನೆಯೇ ಪಾಠದ ಆರಂಭ.

ಎರಡನೆಯದು ಮುಟ್ಟಿದರೆ ಮಾತಾಡುವ ಚಿತ್ರ. ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನ ಸುಮಾರು ಕ್ರಿ.ಶ. 700ರದು. ಕನ್ನಡದ ತ್ರಿಪದಿ ಅಷ್ಟು ಹಿಂದೆಯೇ ಅಲ್ಲಿದೆ. ಶಾಸನದ ಛಾಯಾಚಿತ್ರಕ್ಕೆ ‘ಎಚ್‌ಫೈವ್‌ಪಿ’ ಎಂಬ ಉಚಿತ ತಂತ್ರಾಂಶದಲ್ಲಿ ಚುಕ್ಕಿಗಳನ್ನಿಟ್ಟರೆ, ಒಂದೊಂದನ್ನು ಮುಟ್ಟಿದಾಗಲೂ ಹಳೆಯ ಅಕ್ಷರದ ಇಂದಿನ ರೂಪವೋ ಪದದ ಅರ್ಥವೋ ತೆರೆದುಕೊಳ್ಳುತ್ತದೆ. ನಕ್ಷೆ ದೂರವನ್ನು ಕಲಿಸಿದರೆ, ಚಿತ್ರ ಹತ್ತಿರದಿಂದ ನೋಡುವುದನ್ನು ಕಲಿಸುತ್ತದೆ.

ಆದರೆ ಚಿತ್ರಕ್ಕೊಂದು ದೋಷವಿದೆ. ಚುಕ್ಕಿಯಿಲ್ಲದ ಕಡೆ ಮಗುವಿನ ಕಣ್ಣು ಹಾಯುವುದಿಲ್ಲ. ಎಲ್ಲವನ್ನೂ ಪಟಪಟನೆ ಒತ್ತಿ “ಮುಗೀತು ಸಾರ್” ಎನ್ನುತ್ತಾರೆ. ನಕ್ಷೆ ಪ್ರಶ್ನೆ ಹುಟ್ಟಿಸುತ್ತದೆ. ಚಿತ್ರ ಕೇಳುವ ಮುನ್ನವೇ ಉತ್ತರ ಕೊಟ್ಟುಬಿಡುತ್ತದೆ. ಅದಕ್ಕೆ ಮದ್ದೆಂದರೆ ಚುಕ್ಕಿ ಇಡುವ ಕೆಲಸವನ್ನು ಮಕ್ಕಳಿಗೇ ಬಿಡುವುದು. ಎಲ್ಲಿ ಇಡಬೇಕು, ಏನು ಬರೆಯಬೇಕು ಎಂದು ನಿರ್ಧರಿಸಲು ಸಾಲನ್ನು ನಾಲ್ಕು ಬಾರಿ ಓದಲೇಬೇಕಾಗುತ್ತದೆ.

ಹಾಗಾದರೆ ಯಾವುದು ಮೇಲು? ನಡೆಯುವ ಕಥೆಗೆ ನಕ್ಷೆ, ನಿಂತು ನೋಡಬೇಕಾದ ಬರಹಕ್ಕೆ ಚಿತ್ರ. ಎರಡಕ್ಕೂ ಮೊದಲು ಓದು. ಸ್ಲೈಡ್ ಇಡದ ಸೂಕ್ಷ್ಮದರ್ಶಕದಲ್ಲಿ ಕಾಣುವುದು ಬರೀ ಬೆಳಕು. ಪೋಷಕರೇ, ಮಗುವಿನ ಕೈಗೆ ಫೋನು ಕೊಡುವ ಮುನ್ನ ಪಾಠದ ಒಂದು ಪುಟವನ್ನು ಗಟ್ಟಿಯಾಗಿ ಓದಿಸಿ, ಜೊತೆಗೆ ಕುಳಿತು ಕೇಳಿ. ಆಮೇಲೆ ಬೇಕಾದರೆ ಗುತ್ತಿಯ ದಾರಿಯನ್ನು ಇಬ್ಬರೂ ಸೇರಿ ಹುಡುಕಿ.