ಒಂದೇ ಹಾಡಿನ ಮೇಳ

ಲಂಡನ್ನಿಗೆ ಹೋಗಿಬಂದವರ ಲೇಖನಗಳಲ್ಲಿ ಅರಮನೆ, ಸೇತುವೆ, ದೊಡ್ಡ ಗಡಿಯಾರ ಇವು ಮೂರೂ ತಪ್ಪದೆ ಬರುತ್ತವೆ. ಅವನ್ನು ನಾವೂ ನೋಡಿದೆವು. ಆದರೆ ಮತ್ತೊಮ್ಮೆ ಬಣ್ಣಿಸಿ ವಾಚಕರ ತಾಳ್ಮೆಯನ್ನು ಪರೀಕ್ಷಿಸುವುದಿಲ್ಲ. ಪ್ರವಾಸಿಗಳು ಗಮನಿಸದೆ ದಾಟಿಹೋಗುವ ಆಸ್ಬಾರ್ನ್ ಬೀದಿಯನ್ನು ಕುರಿತು ಮಾತ್ರ ನಾಲ್ಕು ಮಾತು ಹೇಳುವೆವು.

ನಗರದ ಪೂರ್ವಭಾಗದಲ್ಲಿ ಆಲ್ಡ್‌ಗೇಟ್ ಈಸ್ಟ್ ಎಂಬ ನೆಲದಡಿಯ ರೈಲು ನಿಲ್ದಾಣದಿಂದ ಮೇಲೆ ಬಂದರೆ ಹತ್ತಿರದಲ್ಲೇ ಈ ಬೀದಿ. ಬಹಳ ಚಿಕ್ಕದು, ಮುಂದೆ ಅದೇ ಬ್ರಿಕ್ ಲೇನ್ ಆಗುತ್ತದೆ. ಅಲ್ಲಿನ ಬೀದಿಯ ಫಲಕಗಳಲ್ಲಿ ಇಂಗ್ಲಿಷಿನ ಜೊತೆಗೆ ಬಂಗಾಳಿ ಅಕ್ಷರಗಳೂ ಇವೆ. ಅಲ್ಲೊಂದು ಮಸೀದಿ. 1743ರಲ್ಲಿ ಅದನ್ನು ಕಟ್ಟಿದವರು ಫ್ರಾನ್ಸಿನಿಂದ ತಲೆ ಉಳಿಸಿಕೊಳ್ಳಲು ಓಡಿಬಂದ ಕ್ರೈಸ್ತರು. ತರುವಾಯ ಅದು ಮೆಥಡಿಸ್ಟರ ಪ್ರಾರ್ಥನಾಲಯವಾಯಿತು, ಆಮೇಲೆ ಯೆಹೂದ್ಯರದಾಯಿತು, 1976ರಿಂದ ಮಸೀದಿಯಾಯಿತು. ಬಂದ ಜನ ಬದಲಾದರು, ಗೋಡೆಗಳು ಮಾತ್ರ ಅವೇ. ಪರವೂರಿನಲ್ಲಿ ಒಲೆ ಹೂಡಿರುವ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಆಸ್ಬಾರ್ನ್ ಬೀದಿಯಲ್ಲಿ ಸಾರ್ಮ್ ಎಂಬ ಧ್ವನಿಮುದ್ರಣಾಲಯವಿತ್ತು. 1979ರಲ್ಲಿ ಒಂದು ಹಾಡಿಗೆ ಕೊನೆಯ ರೂಪ ಬಂದದ್ದು ಇಲ್ಲಿಯೇ. ಹಾಡಿನ ಹೆಸರು ‘ವಿಡಿಯೋ ಕಿಲ್ಡ್ ದ ರೇಡಿಯೋ ಸ್ಟಾರ್’. ವಿಡಿಯೋ ಬಂದು ರೇಡಿಯೋ ತಾರೆಯನ್ನು ಕೊಂದಿತು ಎಂದು ಅರ್ಥ. ಹಾಡಿದ ಮೇಳ ಬಗಲ್ಸ್. ಮೇಳವೆಂದರೆ ಮುಖ್ಯವಾಗಿ ಇಬ್ಬರೇ: ಹಾಡುವ ಟ್ರೆವರ್ ಹಾರ್ನ್, ಕೀಬೋರ್ಡ್ ನುಡಿಸುವ ಜೆಫ್ ಡೌನ್ಸ್. ಹಾಡು ಕಟ್ಟುವಾಗ ಜೊತೆಗಿದ್ದ ಬ್ರೂಸ್ ವೂಲಿ ತಮ್ಮದೇ ಮೇಳ ಕಟ್ಟಲು ಮೊದಲೇ ಹೊರಟುಹೋಗಿದ್ದರು.

ಇಲ್ಲಿ ನಮ್ಮ ಊರಿನ ನಂಟೂ ಉಂಟು. ಬೆಂಗಳೂರಿನಲ್ಲಿ ಬೆಳೆದ ಕೊಡವ ಬಿದ್ದು ಅಪ್ಪಯ್ಯ ಅರುವತ್ತರ ದಶಕದಲ್ಲಿ ಲಂಡನ್ ಸೇರಿ, ಸಂಗೀತ ನಿರ್ದೇಶಕರಾಗಿ ಹೆಸರು ಗಳಿಸಿದರು. 1980ರ ‘ಕುರ್ಬಾನಿ’ ಚಿತ್ರದಲ್ಲಿ ನಾಜಿಯಾ ಹಸನ್ ಹಾಡಿದ ಹಾಡನ್ನು ಕೊಟ್ಟವರೂ ಅವರೇ. ಅವರ ನಿರ್ದೇಶನದಲ್ಲಿ ಟೀನಾ ಚಾರ್ಲ್ಸ್ ಹಾಡಿದ ಹಾಡು 1976ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಆ ಗಾಯಕಿಯ ಹಿನ್ನೆಲೆ ವಾದ್ಯಗಾರರಲ್ಲಿ ಹಾರ್ನ್, ಡೌನ್ಸ್ ಇಬ್ಬರೂ ಇದ್ದರು. ಬಿದ್ದು ಅವರ ಮುದ್ರಣದ ರೀತಿಯಿಂದ ತಾವು ಕಲಿತದ್ದನ್ನು ಹಾರ್ನ್ ಮರೆತಿಲ್ಲ.

ಹಾಡಿನ ಬೀಜ ಜೆ. ಜಿ. ಬ್ಯಾಲರ್ಡ್ ಬರೆದ ಒಂದು ಸಣ್ಣ ಕಥೆಯಲ್ಲಿದೆ. ಅದರಲ್ಲಿ ಊರಿನ ಬೇಡದ ಶಬ್ದಗಳನ್ನು ಗುಡಿಸಿ ತೆಗೆಯುವ ಒಬ್ಬ ಮೂಕ, ಕಾಲ ಬದಲಾಗಿ ಯಾರಿಗೂ ಬೇಡವಾದ ಒಬ್ಬ ಗಾಯಕಿ. ಹಾರ್ನ್ ತಮ್ಮ ಕಂಠವನ್ನು ಬೇಕೆಂದೇ ಹಿಸುಕಿ, ಹಳೆಯ ರೇಡಿಯೋ ಪೆಟ್ಟಿಗೆಯಿಂದ ಬರುವಂತೆ ಮಾಡಿದರು. ಸುತ್ತ ಸಿಂಥಸೈಜರುಗಳ ಹೊಸ ನಾದ, ನಡುವೆ ಹಳೆಯ ದನಿ. ಸೊಗಸೆಲ್ಲ ಅದರಲ್ಲೇ ಇದೆ.

ಅಕ್ಟೋಬರ್ 1979ರಲ್ಲಿ ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು, ಒಂದು ವಾರದ ಮಟ್ಟಿಗೆ. ಮುಂದಿನ ಹಾಡು 16ನೆಯ ಸ್ಥಾನಕ್ಕೆ ನಿಂತಿತು. ಅದರ ಮುಂದಿನದು 38ಕ್ಕೆ. 1980ರಲ್ಲಿ ಇಬ್ಬರೂ ‘ಯೆಸ್’ ಎಂಬ ದೊಡ್ಡ ಮೇಳಕ್ಕೆ ಸೇರಿದರು. ಅದೂ ಮರುವರ್ಷ ಒಡೆಯಿತು. 1981ರ ಎರಡನೆಯ ಧ್ವನಿಮುದ್ರಿಕೆಯೊಡನೆ ಬಗಲ್ಸ್ ಕಥೆಯೂ ಮುಗಿಯಿತು. ಡೌನ್ಸ್ ‘ಏಷಿಯಾ’ ಮೇಳದಲ್ಲಿ ನೆಲೆ ಕಂಡರು, ಹಾರ್ನ್ ಪರರ ಹಾಡುಗಳನ್ನು ಮುದ್ರಿಸಿ ಪ್ರಸಿದ್ಧರಾದರು.

ಆದರೆ ಹಾಡಿಗೆ ಎರಡನೆಯ ಜನ್ಮ ಕಾದಿತ್ತು. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ಎಂಬ ಹಾಡಿನ ವಾಹಿನಿ ಆರಂಭವಾದಾಗ ಮೊಟ್ಟಮೊದಲು ತೋರಿಸಿದ್ದು ಇದನ್ನೇ. ರೇಡಿಯೋಗಾಗಿ ಮರುಗಿದ ಹಾಡಿನಿಂದಲೇ ವಿಡಿಯೋದ ಗೃಹಪ್ರವೇಶ! ಅದೇ ಚಿತ್ರದಲ್ಲಿ ಕೀಬೋರ್ಡಿನ ಮುಂದೆ ಕ್ಷಣಕಾಲ ಕಾಣುವ ಯುವಕ, ಮುಂದೆ ಸಿನಿಮಾ ಸಂಗೀತದಲ್ಲಿ ಜಗತ್ಪ್ರಸಿದ್ಧನಾದ ಹಾನ್ಸ್ ಜಿಮ್ಮರ್. ಕೆಲವು ದಶಕಗಳಲ್ಲಿ ಆ ವಾಹಿನಿಯೂ ಹಾಡುಗಳನ್ನು ಬದಿಗಿರಿಸಿ ಬೇರೆ ಕಾರ್ಯಕ್ರಮಗಳ ಕಡೆಗೆ ತಿರುಗಿತು. ಕೊಂದವನಿಗೂ ಕಾಲ ಬಂತು ಎನ್ನಬೇಕು.

ಆ ಬೀದಿಯಲ್ಲಿ ನಡೆಯುತ್ತ ನಮಗೆ ನೆನಪಾದದ್ದು ಧಾರವಾಡ ಆಕಾಶವಾಣಿ. 1950ರ ಜನವರಿಯಲ್ಲಿ ಶುರುವಾದ ಆ ಕೇಂದ್ರವನ್ನು ಹಿಡಿಯಲು ಮುಂಬಯಿ, ಪುಣೆಗಳ ಚಾಳುಗಳಲ್ಲಿ ನಮ್ಮ ಹಿರಿಯರು ರಾತ್ರಿ ರೇಡಿಯೋದ ಕಿವಿ ಹಿಂಡುತ್ತ ಕೂರುತ್ತಿದ್ದರು. ಗರಗರ ಸದ್ದಿನ ನಡುವೆ ತೇಲಿಬಂದ ಒಂದು ಕನ್ನಡ ವಾಕ್ಯಕ್ಕಾಗಿ ಮನೆಮಂದಿಯೆಲ್ಲ ಉಸಿರು ಹಿಡಿಯುತ್ತಿದ್ದರು. ಇಂದು ಅದೇ ಆಕಾಶವಾಣಿ ಮೊಬೈಲ್ ಫೋನಿನಲ್ಲಿ ಗರಗರವಿಲ್ಲದೆ ದೊರೆಯುತ್ತದೆ. ಕೇಳುವವರು ಎಷ್ಟು ಮನೆಗಳಲ್ಲಿ ಉಂಟು?

ಪೆಟ್ಟಿಗೆಗಳು ಬದಲಾಗುತ್ತಲೇ ಇರುತ್ತವೆ. ಬ್ರಿಕ್ ಲೇನಿನ ಆ ಕಟ್ಟಡದಲ್ಲಿ ಪ್ರಾರ್ಥನೆಯ ಭಾಷೆ ಬದಲಾದಂತೆ. ಒಂದು ಭಾಷೆ ಮನೆಯಲ್ಲಿ ನಿಲ್ಲುವುದು ಆ ಮನೆಯವರು ಕಿವಿಗೊಡುವ ತನಕ. ವಾಚಕರೇ, ಇಂದು ರಾತ್ರಿ ಊಟವಾದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹತ್ತು ನಿಮಿಷ ಧಾರವಾಡವನ್ನೋ ಬೆಂಗಳೂರನ್ನೋ ಕೇಳಿಸಿ. ಅರ್ಥವಾಗದ ಮಾತನ್ನು ಅವರು ಕೇಳಿಯೇ ಕೇಳುತ್ತಾರೆ. ಹೇಳಿಕೊಡಲು ನಾವಿದ್ದೇವಲ್ಲ.